ಅಂಗಳಕ್ಕೂ ಒಂದು ಕೋಡಿ ಬೇಕು

ನಮ್ಮ ಕಡೆ ಅಂಗಳದ ನೆನಪಾಗುವುದು ಗೃಹಪ್ರವೇಶದ ಹಿಂದಿನ ವಾರ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಟೈಲ್ಸಿಗೆ, ಅಡುಗೆಮನೆಯ ಕಪಾಟಿಗೆ, ಗೇಟಿಗೆ ಹೋಗಿರುತ್ತದೆ. ಉಳಿದ ಎಂ-ಸ್ಯಾಂಡ್, ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟ್ ಹೆಂಟೆಗಳನ್ನು ಮನೆ ಸುತ್ತ ಹರಡಿ, ಮೇಲೆ ಇಂಟರ್‌ಲಾಕ್ ಕಾಂಕ್ರೀಟ್ ಬ್ಲಾಕು ಹಾಸಿ, ಕಾಂಪೌಂಡ್ ಬದಿಗೆ ಒಂದಡಿ ಪಟ್ಟಿ ಬಿಟ್ಟು ಅಶೋಕದ ಗಿಡಗಳನ್ನು ಸಾಲಾಗಿ ನಿಲ್ಲಿಸಿದರೆ ‘ಗಾರ್ಡನ್’ ಆಯಿತು. ಮೊದಲ ದೊಡ್ಡ ಮಳೆಗೆ ಮೆಟ್ಟಿಲ ಬುಡದಲ್ಲಿ ನೀರು ನಿಲ್ಲುತ್ತದೆ. ಮೊದಲ ಏಪ್ರಿಲ್‌ನಲ್ಲಿ ಆ ಇಂಟರ್‌ಲಾಕ್ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಎರಡನೇ ವರ್ಷ ಬೈಕಿನ ಗಾಲಿ ಓಡುವ ಕಡೆ ಹಾಸು ಕುಸಿದು ಗುಂಡಿ ಬೀಳುತ್ತದೆ. ಆಗ ನಾವು ಗಿಡದವನನ್ನು ಬೈಯುತ್ತೇವೆ, ಇಲ್ಲವೇ ಇಂಟರ್‌ಲಾಕ್ ಕಂಪನಿಯನ್ನು.

ತಪ್ಪು ಆಗಿರುವುದು ಅವರಿಬ್ಬರೂ ಬರುವುದಕ್ಕೆ ಮೊದಲೇ, ಅಂಗಳದ ಮಟ್ಟ ನಿಗದಿಯಾದ ದಿನ. ಚಿತ್ರದುರ್ಗ, ದಾವಣಗೆರೆಯಂಥ ಒಣ ಸೀಮೆಯಲ್ಲಿ ಹೊರಾಂಗಣದ ಚೆಂದ, ಅನುಕೂಲ ಎರಡೂ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿವೆ. ಅದೊಂದು ಸರಿಯಾದರೆ ಉಳಿದದ್ದನ್ನು ನಿಧಾನವಾಗಿ ಕೂಡಿಸಿಕೊಳ್ಳಬಹುದು. ಅದು ತಪ್ಪಿದರೆ ಎಷ್ಟೇ ದುಬಾರಿ ಗಿಡ ತಂದರೂ ಅದು ಅಲಂಕಾರವಾಗಿಯೇ ಉಳಿಯುತ್ತದೆ.

ಮೊದಲು ಮಣ್ಣಿನ ವಿಷಯ. ದುರ್ಗಕ್ಕೂ ದಾವಣಗೆರೆಗೂ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಮಣ್ಣಿನ ಸ್ವಭಾವ ಮಾತ್ರ ಅಜಗಜಾಂತರ. ದುರ್ಗದ ಸುತ್ತ ಹೆಚ್ಚಾಗಿ ಕೆಂಪು ಗರಸು ಮಣ್ಣು. ನೀರು ಬೇಗ ಇಂಗುತ್ತದೆ, ಬೇಗ ಒಣಗುತ್ತದೆ, ಎರಡಡಿ ಅಗೆಯುವಷ್ಟರಲ್ಲಿ ಹಾರೆ ಬಂಡೆಗೆ ಬಡಿದರೂ ಬಡಿಯಿತು. ದಾವಣಗೆರೆಯ ಎಷ್ಟೋ ಬಡಾವಣೆಗಳು ಎದ್ದಿರುವುದು ಎರೆಭೂಮಿಯ ಮೇಲೆ. ಈ ಕಪ್ಪು ಮಣ್ಣು ನೆನೆದಾಗ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಒಂದೇ ಊರಲ್ಲಿ ಬಡಾವಣೆಯಿಂದ ಬಡಾವಣೆಗೆ ಮಣ್ಣು ಬದಲಾಗುವುದೂ ಉಂಟು. ಹಾಗಾಗಿ ನಿಮ್ಮ ಸೈಟಿನದೇ ಪರೀಕ್ಷೆ ಆಗಬೇಕು. ಉದ್ದ, ಅಗಲ, ಆಳ ಒಂದೊಂದು ಅಡಿಯ ಗುಂಡಿ ತೋಡಿ, ನೀರು ತುಂಬಿ, ಇಂಗಲು ಬಿಡಿ. ಮತ್ತೆ ತುಂಬಿ. ಮೂರನೇ ಸಲ ತುಂಬಿದಾಗ ಒಂದು ಗಂಟೆಯಲ್ಲಿ ಎಷ್ಟು ಇಂಚು ಇಳಿಯಿತು ಎಂದು ಕಡ್ಡಿ ಇಟ್ಟು ಅಳೆಯಿರಿ. ಎರೆಮಣ್ಣಿನಲ್ಲಿ ಮೊದಲ ಸಲದ ನೀರು ಬಿರುಕುಗಳಲ್ಲಿ ಸರ್ರನೆ ಮಾಯವಾಗಿ ‘ಚೆನ್ನಾಗಿ ಇಂಗುತ್ತೆ’ ಎಂಬ ಭ್ರಮೆ ಹುಟ್ಟಿಸುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆಯೇ ನಿಜ ಗೊತ್ತಾಗುವುದು. ಗಂಟೆಗೆ ಒಂದು ಇಂಚಿಗಿಂತ ಹೆಚ್ಚು ಇಳಿದರೆ ನೀರಿಂಗಿಸುವ ಮಾತಾಡಬಹುದು. ಅರ್ಧ ಇಂಚೂ ಇಳಿಯದಿದ್ದರೆ ನೀರನ್ನು ಮನೆಯಿಂದ ದೂರಕ್ಕೆ ಸಾಗಿಸುವುದೇ ಕೆಲಸ.

ಇನ್ನು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಸೈಟಿನಲ್ಲಿ 800 ಚದರಡಿ ತಾರಸಿ ಇದೆ ಎನ್ನಿ, ಅಂದರೆ ಸುಮಾರು 74 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯಲ್ಲಿ, ಆವಿಯಾಗಿ ಸಿಡಿದು ಹೋಗುವುದನ್ನು ಕಳೆದರೂ 38,000 ಲೀಟರ್‌ನಷ್ಟು ನೀರು ಆ ತಾರಸಿಯಿಂದ ಇಳಿಯುತ್ತದೆ. ಆದರೆ ಅಂಗಳವನ್ನು ವಿನ್ಯಾಸ ಮಾಡುವವರಿಗೆ ಬೇಕಾದ ಅಂಕಿ ವರ್ಷದ್ದಲ್ಲ, ಒಂದು ಸಂಜೆಯದ್ದು. ನಮ್ಮಲ್ಲಿ ಮಳೆ ಜಿಟಿಜಿಟಿ ಸುರಿಯುವುದು ಕಡಿಮೆ, ಗುಡುಗಿ ಒಂದೇ ಏಟಿಗೆ ಸುರಿದು ಹೋಗುವುದು ಹೆಚ್ಚು. ಒಂದಿಂಚು, ಅಂದರೆ 25 ಮಿ.ಮೀ. ಮಳೆ ಬಿದ್ದರೆ ಅದೇ ತಾರಸಿಯಿಂದ 1,800 ಲೀಟರ್ ಒಮ್ಮೆಗೇ ಕೆಳಗೆ ಬರುತ್ತದೆ. ಎರಡು ಪೈಪುಗಳ ಬಾಯಿಂದ. ಅದು ಎಲ್ಲಿ ಬೀಳುತ್ತದೆ, ಎಲ್ಲಿಗೆ ಹರಿಯುತ್ತದೆ, ಹೆಚ್ಚಾದರೆ ಎಲ್ಲಿಂದ ಹೊರಗೆ ಹೋಗುತ್ತದೆ: ನಕ್ಷೆಯ ಮೇಲೆ ಮೊದಲು ಎಳೆಯಬೇಕಾದ ಗೆರೆ ಇದು.

ಇದಕ್ಕೆ ದೂರದ ಉದಾಹರಣೆ ಬೇಡ, ಕೋಟೆ ಇದೆಯಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ಉಕ್ಕಿದ್ದು ಅಕ್ಕ-ತಂಗಿಯರ ಹೊಂಡಕ್ಕೆ. ಅಲ್ಲಿಂದ ಮಿಕ್ಕಿದ್ದು ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ. ಪ್ರವಾಸಿಗರು ಫೋಟೊ ತೆಗೆಯುವುದು ನೀರನ್ನು, ಮೆಟ್ಟಿಲನ್ನು. ನೋಡಬೇಕಾದದ್ದು ಒಂದು ಹೊಂಡ ತುಂಬಿದ ಮೇಲೆ ನೀರು ಹೊರಬೀಳುವ ಜಾಗವನ್ನು. ತುಂಬುವುದಕ್ಕೆ ಮುಂಚೆಯೇ ಉಕ್ಕುವುದನ್ನು ಯೋಚಿಸಿದ ಕೆಲಸ ಅದು. ಕೆರೆ ಕಟ್ಟುವವರು ಕೋಡಿಯಿಲ್ಲದೆ ಏರಿ ಹಾಕುತ್ತಿರಲಿಲ್ಲ. ನಾವು ಮಾತ್ರ ನಾಲ್ಕೂ ಕಡೆ ಕಾಂಪೌಂಡ್ ಎಬ್ಬಿಸಿ, ಒಳಗೆ ಅಂಗಳ ಮಾಡಿ, ಕೋಡಿಯನ್ನೇ ಮರೆಯುತ್ತೇವೆ.

ಅಂಗಳದ ಕೋಡಿ ಎಂದರೆ ಬೇರೇನಲ್ಲ. ಕಾಂಪೌಂಡಿನ ಅತಿ ತಗ್ಗಿನ ಮೂಲೆಯಲ್ಲಿ, ನೆಲದ ಮಟ್ಟದಲ್ಲೇ, ಗೋಡೆಯೊಳಗೆ ಹಾಯಿಸಿದ 4 ಇಂಚಿನ ಪೈಪು. ಒಳಬಾಯಿಗೆ ಜಾಲರಿ, ಹೊರಬಾಯಿ ಚರಂಡಿಗೆ. ಗೋಡೆ ಉದ್ದವಿದ್ದರೆ ಹತ್ತು-ಹನ್ನೆರಡು ಅಡಿಗೊಂದರಂತೆ ಸಣ್ಣ ಪೈಪುಗಳು. ಇದಿಲ್ಲದ ಕಾಂಪೌಂಡ್ ಎರೆಮಣ್ಣಿನಲ್ಲಿ ವಾಲುವುದಕ್ಕೆ ಕಾರಣ ಕಳಪೆ ಇಟ್ಟಿಗೆಯೇ ಆಗಬೇಕಿಲ್ಲ. ಒಳಬದಿ ನೆನೆದು ಉಬ್ಬಿದ ಮಣ್ಣು ಗೋಡೆಯ ಬುಡವನ್ನು ಒತ್ತುತ್ತದೆ, ಹೊರಬದಿ ಒಣಗಿಯೇ ಇರುತ್ತದೆ.

ಮಟ್ಟ ನೋಡುವುದಕ್ಕೆ ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪೇ ಸಾಕು. ನೀರು ತುಂಬಿದ ಪಾರದರ್ಶಕ ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ. ಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ. ಮನೆಯ ಪಾಯದ ಗೋಡೆಯ ಮೇಲೆ ಸುತ್ತಲೂ ಒಂದು ಗೆರೆ ಎಳೆದುಕೊಂಡು, ಎಲ್ಲ ಅಳತೆಯನ್ನೂ ಅಲ್ಲಿಂದ ಕೆಳಗೆ ತೆಗೆದುಕೊಳ್ಳಿ. ನುಣುಪು ಹಾಸಿಗೆ 10 ಅಡಿಗೆ ಒಂದೂವರೆ ಇಂಚು ವಾಟ, ಅಂದರೆ ಇಳಿಜಾರು ಬೇಕು. ಒರಟು ಚಪ್ಪಡಿಗೆ 2 ಇಂಚು, ಬರೀ ಮಣ್ಣಿಗೆ 4 ಇಂಚಾದರೂ. ಮೇಸ್ತ್ರಿ ‘ಕಣ್ಣಂದಾಜಲ್ಲೇ ಕೊಟ್ಟಿದೀನಿ ಸಾರ್’ ಅಂದರೆ ನಗುತ್ತಲೇ ಒಂದು ಬಕೆಟ್ ನೀರು ಸುರಿದು ತೋರಿಸಲು ಹೇಳಿ. ವಾಟ ಯಾವತ್ತೂ ಗೋಡೆಯಿಂದ ಹೊರಕ್ಕೆ. ಪಕ್ಕದ ಕಿರುದಾರಿ ಮೂರೇ ಅಡಿ ಇದ್ದರೆ ಅದರ ಅಡ್ಡಕ್ಕೂ ಅರ್ಧ ಇಂಚು, ಉದ್ದಕ್ಕೂ ವಾಟ.

ರಸ್ತೆಯ ಮಟ್ಟವನ್ನೂ ನಂಬುವಂತಿಲ್ಲ. ಪ್ರತಿ ಸಲ ಡಾಂಬರು, ಕಾಂಕ್ರೀಟು ಬಿದ್ದಾಗಲೂ ರಸ್ತೆ ಮೇಲೇರುತ್ತದೆ, ಅಂಗಳ ಮೇಲೇರುವುದಿಲ್ಲ. ಈಗಿನ ರಸ್ತೆಗಿಂತ ಗೇಟಿನ ಹೊಸ್ತಿಲು 6ರಿಂದ 9 ಇಂಚು, ಮನೆಯ ಪಾಯ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಮುಂದಿನ ಒಂದೆರಡು ರಸ್ತೆ ಕಾಮಗಾರಿಗಳನ್ನು ತಡೆದುಕೊಳ್ಳಬಹುದು.

ತಾರಸಿ ಪೈಪಿನ ಬಾಯಿಯ ಕೆಳಗೆ ಏನಿದೆ ಎಂದು ಒಮ್ಮೆ ಬಗ್ಗಿ ನೋಡಿ. ಹೆಚ್ಚಿನ ಮನೆಗಳಲ್ಲಿ ಅಲ್ಲಿ ತಟ್ಟೆಯಗಲದ ಒಂದು ಗುಂಡಿ ಇರುತ್ತದೆ. ಗುಂಡಿಯ ತಳದಲ್ಲಿ ತೊಳೆದಿಟ್ಟಂತೆ ಸಣ್ಣ ಹರಳು, ಗೋಡೆಗೆ ಮೊಣಕಾಲೆತ್ತರ ಸಿಡಿದ ಕೆಂಪು ಚುಕ್ಕೆ, ಅದರ ಹಿಂದೆ ಪ್ಲಾಸ್ಟರ್ ಬಿಟ್ಟುಕೊಂಡು ಟೊಳ್ಳು ಸದ್ದು. ಅಲ್ಲಿ ಒಂದು ಕಲ್ಲು ಇಟ್ಟರೆ ಎಲ್ಲವೂ ತಪ್ಪುತ್ತದೆ. ಮಿಕ್ಸಿ ಬಂದ ಮೇಲೆ ಹಿತ್ತಲ ಮೂಲೆ ಸೇರಿದ ಬೀಸುವ ಕಲ್ಲಿನ ಕೆಳಭಾಗ ಇದಕ್ಕೆ ಹೇಳಿ ಮಾಡಿಸಿದ್ದು. ಒರಳುಕಲ್ಲನ್ನೂ ಇಡಬಹುದು. ಆದರೆ ಕಲ್ಲು ಒಡೆಯುವವರ ಹತ್ತಿರ ತಳಕ್ಕೆ ಅರ್ಧ ಇಂಚಿನ ತೂತು ಕೊರೆಸಬೇಕು, ಇಲ್ಲದಿದ್ದರೆ ನಿಂತ ನೀರು ಒಂದು ವಾರದಲ್ಲಿ ಸೊಳ್ಳೆ ಹೊರಡಿಸುತ್ತದೆ. ಸುತ್ತ ಮುಷ್ಟಿ ಗಾತ್ರದ ಹೊಳೆಗಲ್ಲು ಎರಡಡಿ ಅಗಲಕ್ಕೆ. ಕಲ್ಲಿನ ಅಂಚು ತೊಟ್ಟಿಕ್ಕುವ ಕಡೆಗೆ ಒಂದು ಕಿರುಗಾಲುವೆ. ಅಂಗಳದಲ್ಲಿ ಕಣ್ಣು ನಿಲ್ಲುವ ಜಾಗ ಇದೇ ಆಗುತ್ತದೆ, ಫೌಂಟನ್‌ಗೆ ಕೊಡುವ ದುಡ್ಡೂ ಉಳಿಯುತ್ತದೆ.

ಆ ಕಾಲುವೆ ಎಲ್ಲಿಗೆ ಹೋಗಬೇಕು? ಕೆಂಪು ಮಣ್ಣಿನ ಸೈಟಾದರೆ ಒಂದು ಮಳೆತಗ್ಗಿಗೆ. 8 ಅಡಿ ಉದ್ದ, 5 ಅಡಿ ಅಗಲ, 6 ಇಂಚು ಆಳದ ತಗ್ಗು ಹೆಚ್ಚೆಂದರೆ 560 ಲೀಟರ್ ಹಿಡಿಯುತ್ತದೆ. ಮನೆಯ ಗೋಡೆಯಿಂದ 10 ಅಡಿ ದೂರ ಇರಲಿ, ಅಂಚುಗಳು ಬಾಣಲೆಯಂತೆ ಇಳಿಜಾರಾಗಿರಲಿ, ಒಂದು ಕಡೆ ಹಾಸಿಗಿಂತ 2 ಇಂಚು ತಗ್ಗಿನಲ್ಲಿ ಅದಕ್ಕೂ ಕೋಡಿ ಇರಲಿ. ತಳವನ್ನು ಒಂದಡಿ ಸಡಿಲಿಸಿ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ನೀರು ಒಂದು ದಿನದೊಳಗೆ ಇಂಗುತ್ತದೆ. ಎರಡು ದಿನವಾದರೂ ನಿಂತಿದ್ದರೆ ಆಳ ಕಡಿಮೆ ಮಾಡಬೇಕು. ಇಲ್ಲಿ ನೆಡುವ ಗಿಡಕ್ಕೆ ವಿಚಿತ್ರ ಗುಣ ಬೇಕು: ಒಂದು ರಾತ್ರಿ ಮುಳುಗಿಯೂ ಬದುಕಬೇಕು, ಆರು ತಿಂಗಳು ಒಣಗಿಯೂ ಬದುಕಬೇಕು. ಲಾವಂಚ, ನಿಂಬೆಹುಲ್ಲು ಎರಡನ್ನೂ ಮಾಡುತ್ತವೆ. ಅಂಚಿಗೆ ಮಳೆ ಲಿಲ್ಲಿ ಗಡ್ಡೆಗಳನ್ನು ಹೂತಿಟ್ಟರೆ ಮೊದಲ ಮಳೆಯ ಬೆನ್ನಿಗೇ ಹೂ.

ಜಾಗ ಇಲ್ಲದವರು ರಿಂಗ್ ಇಳಿಸಿದ ಇಂಗುಬಾವಿ ಮಾಡಿಸಬಹುದು. 3 ಅಡಿ ವ್ಯಾಸ, 10 ಅಡಿ ಆಳದ್ದು 2,000 ಲೀಟರ್ ಹಿಡಿಯುತ್ತದೆ, ಅಂದರೆ ಮೇಲೆ ಹೇಳಿದ ಒಂದಿಂಚು ಮಳೆಯಷ್ಟು. ಅದನ್ನು ಜಲ್ಲಿಯಿಂದ ತುಂಬಿಸುವುದು ನಮ್ಮಲ್ಲಿ ರೂಢಿ. ತುಂಬಿಸಿದರೆ ಸಂದುಗಳಲ್ಲಿ ಹಿಡಿಯುವ ನೀರು 800 ಲೀಟರ್ ಅಷ್ಟೇ, ಮೇಲಾಗಿ ಹೂಳು ಕಟ್ಟಿದರೆ ತೆಗೆಯಲಾಗುವುದಿಲ್ಲ. ಖಾಲಿ ಬಿಟ್ಟು, ತಳಕ್ಕೆ ಮಾತ್ರ ಒಂದಡಿ ದಪ್ಪ ಜಲ್ಲಿ ಹಾಕಿ, ಮೇಲೆ ಬೀಗ ಹಾಕುವ ಗಟ್ಟಿ ಮುಚ್ಚಳ ಕೂರಿಸುವುದು ಮೇಲು. ಬಾವಿಗೆ ಮೊದಲು 2×2 ಅಡಿಯ ಹೂಳು ತೊಟ್ಟಿ ಇರಲೇಬೇಕು. ಎರೆಭೂಮಿಯಲ್ಲಿ ಮನೆ ಹತ್ತಿರ ಇದ್ಯಾವುದೂ ಬೇಡ. ಪಾಯದ ಪಕ್ಕ ನೀರಿಂಗಿಸುವುದೆಂದರೆ ಪಾಯದ ಕೆಳಗಿನ ಮಣ್ಣನ್ನು ಒಂದು ಕಡೆ ಉಬ್ಬಿಸಿದಂತೆ. ಮನೆ ಸುತ್ತ 3 ಅಡಿ ಅಗಲಕ್ಕೆ ನೀರು ಒಳಗಿಳಿಯದ ಹಾಸು ಮಾಡಿ, ನೀರನ್ನು ಸಂಪ್‌ಗೋ ಚರಂಡಿಗೋ ದಾಟಿಸುವುದೇ ಅಲ್ಲಿ ಜಾಣತನ.

ಹಾಸಿನ ವಿಷಯಕ್ಕೆ ಬರೋಣ. ಇಂಟರ್‌ಲಾಕ್ ಕೆಟ್ಟ ವಸ್ತುವೇನಲ್ಲ, ಅದರ ಕೆಳಗಿನ ಕೆಲಸ ಕೆಟ್ಟದಾಗಿರುತ್ತದೆ. ಕ್ರಮ ಹೀಗೆ: ಮೇಲ್ಮಣ್ಣು ತೆಗೆದು, ನೀರು ಚಿಮುಕಿಸಿ, ದಿಮ್ಮಸು ಹೊಡೆದ ಗಟ್ಟಿ ನೆಲ. ಅದರ ಮೇಲೆ ಜಲ್ಲಿ ಮತ್ತು ಕ್ರಷರ್ ಪುಡಿ ಬೆರೆಸಿದ 4 ಇಂಚಿನ ಪದರ, ಅದಕ್ಕೂ ದಿಮ್ಮಸು. ಮೇಲೆ ಒಂದರಿಂದ ಒಂದೂಕಾಲು ಇಂಚು ಮರಳು, ಅದರ ಮೇಲೆ 60 ಮಿ.ಮೀ. ಬ್ಲಾಕು. ಕಾರು ನಿಲ್ಲುವ ಕಡೆ 80 ಮಿ.ಮೀ. ಇದ್ದರೆ ಒಳ್ಳೆಯದು. ಕೆಲಸ ಬೇಗ ಮುಗಿಸುವವರು ಜಲ್ಲಿಯ ಪದರ ಬಿಟ್ಟು ಆ ಜಾಗಕ್ಕೆ ನಾಲ್ಕು ಇಂಚು ಮರಳನ್ನೇ ತುಂಬುತ್ತಾರೆ. ಮರಳು ಗಾಲಿಯ ಭಾರಕ್ಕೆ ಪಕ್ಕಕ್ಕೆ ಸರಿಯುತ್ತದೆ, ಎರಡು ಉದ್ದ ಹಳ್ಳ ಬೀಳುತ್ತವೆ. ಅಂಚಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ತಡೆಗಲ್ಲು ಇಲ್ಲದಿದ್ದರೆ ಬ್ಲಾಕುಗಳು ವರ್ಷಕ್ಕೆ ಒಂದಿಷ್ಟು ಹೊರಕ್ಕೆ ಸರಿದು ಸಂದು ಬಿಡುತ್ತವೆ. ಎರೆಮಣ್ಣಿನಲ್ಲಿ ಇದಕ್ಕೆಲ್ಲ ಮೊದಲು ಒಂದರಿಂದ ಒಂದೂವರೆ ಅಡಿ ಕಪ್ಪು ಮಣ್ಣು ತೆಗೆದು ಗರಸು ತುಂಬಿ, ಆರಾರು ಇಂಚಿಗೆ ಗಟ್ಟಿ ಮಾಡಬೇಕು. ಖರ್ಚು ಜಾಸ್ತಿಯೇ. ಮಾಡದಿದ್ದರೆ ಆ ಖರ್ಚು ಎರಡು ವರ್ಷ ಬಿಟ್ಟು ಬರುತ್ತದೆ.

ನನ್ನ ಒಲವು ಒರಟು ಗ್ರಾನೈಟ್ ಚಪ್ಪಡಿಯ ಕಡೆಗೆ. 2×2 ಅಡಿಯ, ಎರಡಿಂಚು ದಪ್ಪದ ಕಲ್ಲುಗಳನ್ನು ಒಂದು ಇಂಚು ಸಂದು ಬಿಟ್ಟು ಹಾಸಿ, ಸಂದಿಗೆ ಸಣ್ಣ ಜಲ್ಲಿ ತುಂಬಿದರೆ ಮಳೆನೀರು ಅಲ್ಲೇ ಇಳಿಯುತ್ತದೆ, ಮುಂದೆಂದಾದರೂ ಪೈಪು ಒಡೆದರೆ ಕಲ್ಲು ಎತ್ತಿ ರಿಪೇರಿ ಮಾಡಬಹುದು. ಪಾಲಿಶ್ ಮಾಡಿದ ಕಲ್ಲು ಹೊರಗೆ ಬೇಡವೇ ಬೇಡ. ಮಳೆಯಲ್ಲಿ ಹಿರಿಯರು ಜಾರುವುದು ಅದರ ಮೇಲೆಯೇ. ಹೊರಗಿನ ಮೆಟ್ಟಿಲು ಒಳಗಿನದಕ್ಕಿಂತ ಮೃದುವಾಗಿರಬೇಕು: 6 ಇಂಚಿಗಿಂತ ಎತ್ತರ ಬೇಡ, ಕಾಲಿಡುವ ಜಾಗ 13 ಇಂಚು. ನಡೆಯುವ ಹಾದಿ ಒಬ್ಬರಿಗೆ 3 ಅಡಿ, ಇಬ್ಬರು ಜೊತೆಗೆ ನಡೆಯಲು ನಾಲ್ಕೂವರೆ. ಬಿಡಿಗಲ್ಲು ಹಾಕುವುದಾದರೆ ಕಲ್ಲಿನ ನಡುವಿನಿಂದ ನಡುವಿಗೆ 2 ಅಡಿ. ಸೀರೆ ಉಟ್ಟವರ ಹೆಜ್ಜೆ ಇನ್ನೂ ಚಿಕ್ಕದು, ಒಂದೂಮುಕ್ಕಾಲು ಅಡಿ ಇದ್ದರೂ ನಡೆಯುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ವಿನ್ಯಾಸಗಳ ದೊಡ್ಡ ಕೊರತೆ, ಅವುಗಳಲ್ಲಿ ನಮ್ಮ ಮನೆಗಳ ದಿನಚರಿಗೆ ಜಾಗವಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದನ್ನೇ ತೆಗೆದುಕೊಳ್ಳಿ. ಇಂಟರ್‌ಲಾಕ್ ಮೇಲೆ ರಂಗೋಲಿ ನಿಲ್ಲುವುದಿಲ್ಲ. ಪುಡಿ ಸಂದಿಗೆ ಇಳಿದು ಎಳೆ ತುಂಡಾಗುತ್ತದೆ, ಬೂದು ಬಣ್ಣದ ಮೇಲೆ ಬಿಳಿ ಎದ್ದು ಕಾಣುವುದೂ ಇಲ್ಲ. ಗೇಟಿನ ಮುಂದೆ 4×4 ಅಡಿಯ ಒಂದೇ ಕಡಪ ಕಲ್ಲು, ಪಾಲಿಶ್ ಇಲ್ಲದ್ದು, ಒಂದು ಬದಿಗೆ ಅರ್ಧ ಇಂಚು ವಾಟದಲ್ಲಿ ಕೂರಿಸಿ. ಅಷ್ಟು ದೊಡ್ಡ ಕಲ್ಲು ಸಿಗದಿದ್ದರೆ ಎರಡನ್ನು ಸೂಜಿ ಸಂದಿನಲ್ಲಿ ಜೋಡಿಸಿ. ಆ ತಗ್ಗಿನ ಬದಿಗೆ ದಾಸವಾಳವೋ ಕನಕಾಂಬರದ ಪಾತಿಯೋ ಇರಲಿ. ದಿನಕ್ಕೆ ಎರಡು ಬಕೆಟ್ ನೀರು ಚೆಲ್ಲುತ್ತೀರಿ, ಅಂದರೆ 30 ಲೀಟರ್. ಅದೇ ಆ ಗಿಡಗಳ ನೀರು, ಬೇರೆ ಪೈಪು ಬೇಡ.

ಕಟ್ಟೆಯೂ ಹಾಗೆಯೇ. ಪಾರ್ಕಿನ ಬೆಂಚಿನ ಅಳತೆಗೆ ಕಟ್ಟಿದ ಒಂದೂಕಾಲು ಅಡಿ ಅಗಲದ ಕಟ್ಟೆಯ ಮೇಲೆ ಯಾರೂ ಹತ್ತು ನಿಮಿಷ ಕೂರುವುದಿಲ್ಲ. ನಮಗೆ ಚಕ್ಕಳಮಕ್ಕಳ ಹಾಕಿ ಕೂತು ಅಕ್ಕಿ ಆರಿಸಬೇಕು, ಹೂ ಕಟ್ಟಬೇಕು, ಪೇಪರ್ ಹರಡಿ ಓದಬೇಕು. ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಹಿಂದೆ ಒರಗಲು ಗೋಡೆ. ಪಡುವಣಕ್ಕೆ ಮುಖ ಮಾಡಿದ ಕಲ್ಲಿನ ಕಟ್ಟೆ ಮಾರ್ಚ್ ನಂತರ ರಾತ್ರಿ ಊಟದ ಹೊತ್ತಿಗೂ ಬಿಸಿ ಬಿಟ್ಟಿರುವುದಿಲ್ಲ, ಆದ್ದರಿಂದ ಅದು ಮೂಡಣದ ಬದಿಗೇ ಇರಲಿ. ಬಟ್ಟೆ ಒಣಗಿಸುವ ತಂತಿ, ಒಗೆಯುವ ಕಲ್ಲು, ಹಪ್ಪಳ ಹರಡುವ ಜಾಗ ಇವನ್ನು ‘ಅಂದ ಕೆಡಿಸುತ್ತವೆ’ ಎಂದು ನಕ್ಷೆಯಿಂದ ಬಿಟ್ಟರೆ, ಮನೆಗೆ ಬಂದ ಮೂರನೇ ದಿನ ತಂತಿ ಪಾರಿಜಾತದ ಗಿಡಕ್ಕೇ ಬೀಳುತ್ತದೆ. ಬೈಕ್ ನಿಲ್ಲಿಸುವ ಕಡೆ ಜಲ್ಲಿ ಹರಡುವುದಾದರೆ ಸೈಡ್ ಸ್ಟ್ಯಾಂಡ್ ಊರಲು ಒಂದು ಚಪ್ಪಡಿ ಮಾತ್ರ ಮರೆಯಬೇಡಿ.

ಬಿಸಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಬೇಸಗೆಯ ಸಂಜೆ ಬಿಸಿಲು ನೈಋತ್ಯದಿಂದ ಬರುತ್ತದೆ ಎಂದುಕೊಂಡು ಅಲ್ಲಿ ಮರ ನೆಡುತ್ತಾರೆ. ನಾವಿರುವುದು ಹದಿನಾಲ್ಕು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಆಗಸ್ಟ್ ನಡುವಿನವರೆಗೂ ಉತ್ತರಕ್ಕೇ ಇರುತ್ತಾನೆ. ಏಪ್ರಿಲ್-ಮೇ ತಿಂಗಳ ಮುಳುಗು ಸೂರ್ಯ ನೇರ ಪಶ್ಚಿಮಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಉತ್ತರಕ್ಕೆ. ಅಂದರೆ ನೆರಳಿನ ಮರ ಪಶ್ಚಿಮದಲ್ಲಿ, ಸ್ವಲ್ಪ ವಾಯವ್ಯಕ್ಕೆ ಸರಿದಿದ್ದರೆ ಕೆಲಸಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಲೆಕ್ಕ ತಿರುಗುಮುರುಗು. ಆಗ ಮಧ್ಯಾಹ್ನವೂ 11 ಅಡಿ ಗೋಡೆಯ ನೆರಳು ಉತ್ತರಕ್ಕೆ ಎಂಟಡಿ ಮೀರಿ ಚಾಚುತ್ತದೆ. ಮನೆಯ ಉತ್ತರದ ಮೂರಡಿ ಸಂದಿಯಲ್ಲಿ ಗುಲಾಬಿ ಇಟ್ಟು ಹೂ ಬಿಡಲಿಲ್ಲ ಎಂದು ಕೊರಗಿ ಫಲವಿಲ್ಲ. ಅದು ವೀಳ್ಯದೆಲೆ, ದೊಡ್ಡಪತ್ರೆ, ಒಂದೆಲಗದ ಜಾಗ.

ಗಾಳಿಯನ್ನು ಮಾತ್ರ ದುರ್ಗದವರಿಗೆ ಹೇಳಿಕೊಡಬೇಕಿಲ್ಲ, ಗುಡ್ಡದ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದ ಗಾಳಿ ಎಳೆ ಸಸಿಗಳನ್ನು ಬುಡದಲ್ಲೇ ಅಲ್ಲಾಡಿಸಿ ಬೇರು ಹಿಡಿಯಲು ಬಿಡುವುದಿಲ್ಲ. ಊರುಗೋಲು ಗಾಳಿ ಬರುವ ಬದಿಗೆ ನೆಟ್ಟು, ಗೋಣಿ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಪ್ಲಾಸ್ಟಿಕ್ ಹಗ್ಗ ತೊಗಟೆ ಕೊಯ್ಯುತ್ತದೆ. ನೆಡುವ ಕಾಲವನ್ನೂ ಸ್ವಲ್ಪ ಯೋಚಿಸಬೇಕು. ಜೂನ್‌ನ ಮೃಗಶಿರ ಮಳೆಗೇ ನೆಟ್ಟರೆ ಜುಲೈನ ಒಣಗಾಳಿಯನ್ನು ಸಸಿ ಎದುರಿಸಬೇಕಾಗುತ್ತದೆ. ನಮ್ಮ ಸೀಮೆಗೆ ನಂಬುವಂಥ ಮಳೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹುಬ್ಬೆ, ಉತ್ತರೆ, ಚಿತ್ತೆಯವು. ಕೈನೀರು ಹಾಕಲು ಆಗದವರು ಆಗಸ್ಟ್ ಕೊನೆಯವರೆಗೆ ಕಾಯುವುದೇ ಒಳ್ಳೆಯದು.

30×40 ಸೈಟಿಗೆ ಒಂದು ಮರ ಸಾಕು, ಅದನ್ನು ಸರಿಯಾಗಿ ಆರಿಸಬೇಕು. ಹೊಂಗೆ ಎಲೆ ಉದುರಿಸಿ ಯುಗಾದಿಯ ಆಸುಪಾಸಿಗೆ ಮತ್ತೆ ಚಿಗುರುತ್ತದೆ, ಬಿಸಿಲು ಏರುವ ಹೊತ್ತಿಗೆ ದಟ್ಟ ನೆರಳು. ಕಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ ಹಳದಿ ಗೊಂಚಲು ಇಳಿಬಿಡುತ್ತದೆ, ಅಷ್ಟೇನೂ ದೊಡ್ಡದಾಗುವುದಿಲ್ಲ. ಬೇವು ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಅದು ನಲವತ್ತಡಿ ಏರುವ ಮರ, ರಸ್ತೆ ಬದಿಗೋ ದೊಡ್ಡ ಹಿತ್ತಲಿಗೋ ತಕ್ಕದ್ದು. ಗಸಗಸೆ ಹಣ್ಣಿನ ಮರ ಎರಡೇ ವರ್ಷದಲ್ಲಿ ನೆರಳು ಕೊಡುತ್ತದೆ, ಜೊತೆಗೆ ಬಾವಲಿಗಳನ್ನೂ, ಗೋಡೆಯ ಮೇಲೆ ಅವುಗಳ ಗುರುತನ್ನೂ. ಕಾಂಪೌಂಡಿಗೆ ಹಸಿರು ಗೋಡೆ ಬೇಕೆಂದು ಕೋನೋಕಾರ್ಪಸ್ ನೆಡಲು ನರ್ಸರಿಯವರು ಹೇಳಿದರೆ ಬೇಡ ಅನ್ನಿ. ಅದರ ಬೇರು ನೀರಿನ, ಒಳಚರಂಡಿಯ ಪೈಪುಗಳನ್ನು ಹುಡುಕಿಕೊಂಡು ಹೋಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಕಣಗಿಲೆ ಬೇಲಿ ಚೆಂದ, ಬರಕ್ಕೂ ಬಗ್ಗುವುದಿಲ್ಲ. ಇಡೀ ಗಿಡ ವಿಷ, ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಕೆಂಪು ಮಣ್ಣಿನಲ್ಲಿ ಮರಕ್ಕೂ ಗೋಡೆಗೂ 12 ಅಡಿ ಅಂತರ ಸಾಕು. ಎರೆಭೂಮಿಯಲ್ಲಿ ಮರ ಪೂರ್ತಿ ಬೆಳೆದಾಗಿನ ಎತ್ತರದಷ್ಟು ದೂರ ಇರಬೇಕು. ಬೇರು ಪಾಯವನ್ನು ಒಡೆಯುತ್ತದೆ ಎಂದಲ್ಲ. ಬೇಸಗೆಯಲ್ಲಿ ಮರ ಆ ಬದಿಯ ತೇವ ಹೀರಿಬಿಟ್ಟಾಗ ಮಣ್ಣು ಕುಗ್ಗಿ ಪಾಯ ಒಂದು ಕಡೆ ಇಳಿಯುತ್ತದೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಅಷ್ಟು ಜಾಗ ಇಲ್ಲದವರಿಗೆ ಕರಿಬೇವು, ನಿಂಬೆ, ದಾಳಿಂಬೆ, ಪಾರಿಜಾತಗಳ ಗಾತ್ರವೇ ಸರಿ. ಎರೆಮಣ್ಣಿನಲ್ಲಿ 3 ಅಡಿ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬಿದರೆ ಅದು ಮಳೆಗಾಲದಲ್ಲಿ ತೊಟ್ಟಿಯಾಗಿ ಬೇರು ಕೊಳೆಸುತ್ತದೆ. ನೆಲದಿಂದ 6-9 ಇಂಚು ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಗುಂಡಿ ತೆಗೆದಾಗ ಸಿಮೆಂಟ್ ಹೆಂಟೆಗಳು ಸಿಕ್ಕರೆ ಒಂದೂ ಬಿಡದೆ ಆರಿಸಿ ಹೊರಹಾಕಿ. ನರ ಹಸಿರಾಗಿದ್ದು ಎಲೆ ಹಳದಿಯಾಗುವ ದಾಸವಾಳ, ನಿಂಬೆಗಳ ಕಾಯಿಲೆಗೆ ಎಷ್ಟೋ ಸಲ ಆ ಸಿಮೆಂಟಿನ ಸುಣ್ಣವೇ ಕಾರಣ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕದಂತೆ ಮಾಡುತ್ತದೆ.

ಲಾನ್ ಬಗ್ಗೆ ಒಂದೇ ಮಾತು: ಬೇಸಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್. 20×20 ಅಡಿ ಹುಲ್ಲಿಗೆ 185 ಲೀಟರ್. ಟ್ಯಾಂಕರ್ ತರಿಸುವ ತಿಂಗಳಲ್ಲಿ ಆ ಹುಲ್ಲಿನ ಮೇಲೆ ಕೂರಲು ಮನಸ್ಸು ಬರುವುದಿಲ್ಲ.

ಹುಲ್ಲಿಗಿಂತ ಮುಚ್ಚಿಗೆ, ಅಂದರೆ ಮಣ್ಣಿನ ಮೇಲಿನ ಸಿಪ್ಪೆ-ಹೊಟ್ಟಿನ ಹೊದಿಕೆ, ನಮ್ಮ ಸೀಮೆಗೆ ಒಗ್ಗುತ್ತದೆ, ಅದಕ್ಕೆ ಬೇಕಾದ್ದು ಸುತ್ತಲೇ ಇದೆ. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ, ಚನ್ನಗಿರಿ-ಹೊಳಲ್ಕೆರೆ ಕಡೆ ಅಡಿಕೆ ಸಿಪ್ಪೆ, ದಾವಣಗೆರೆಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟು. ಪಾತಿಯ ಮೇಲೆ 3 ಇಂಚು ದಪ್ಪ ಹರಡಿದರೆ ನೀರು ಹಾಕುವ ಸರದಿ ಅರ್ಧಕ್ಕೆ ಇಳಿಯಬಹುದು. ಅಡಿಕೆ ಸಿಪ್ಪೆ ನಿಧಾನ ಕೊಳೆಯುತ್ತದೆ, ಬಣ್ಣವೂ ಮಣ್ಣಿಗೆ ಹೊಂದುತ್ತದೆ, ಗಾಳಿಗೂ ಹಾರುವುದಿಲ್ಲ. ಹೊಟ್ಟನ್ನು ದುರ್ಗದ ಗಾಳಿಗೆ ಹರಡಿದರೆ ಪಕ್ಕದ ಮನೆಯವರೊಡನೆ ಜಗಳ ಖಾತ್ರಿ, ಅದನ್ನು ಎರೆಮಣ್ಣಿಗೆ ಬೆರೆಸಿ ಸಡಿಲಿಸಲು ಬಳಸಿ. ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟ ಇರುವುದರಿಂದ ಮುಚ್ಚಿಗೆ ಕಾಂಡಕ್ಕೆ ತಾಗದಂತೆ ಅರ್ಧ ಅಡಿ ಬಿಟ್ಟಿರಬೇಕು, ಗುಂಡಿಗೆ ಬೇವಿನ ಹಿಂಡಿ ಸೇರಿಸಿರಬೇಕು.

ಡ್ರಿಪ್ ಹಾಕಿಸುವವರು ತಮ್ಮ ಟ್ಯಾಂಕಿನ ಎತ್ತರ ಮೊದಲು ನೋಡಲಿ. ಹತ್ತು ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ. ಒಂದಂತಸ್ತಿನ ಮನೆಯ ಟ್ಯಾಂಕು 14-15 ಅಡಿ ಎತ್ತರದಲ್ಲಿದ್ದರೆ ಅರ್ಧ ಕೆ.ಜಿ.ಯೂ ಸಿಗುವುದಿಲ್ಲ, ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳು ಅದರಲ್ಲಿ ಸರಿಯಾಗಿ ಕೆಲಸ ಮಾಡವು. ಬಿಚ್ಚಿ ತೊಳೆಯಬಹುದಾದ ಸಾದಾ ಡ್ರಿಪ್ಪರ್, 16 ಮಿ.ಮೀ. ಪೈಪು, ಶುರುವಿನಲ್ಲೊಂದು ಜಾಲರಿ ಫಿಲ್ಟರ್ ಸಾಕು. ಬೋರಿನ ಗಡಸು ನೀರಿಗೆ ಬಾಯಿ ಬಿಳಿಗಟ್ಟಿ ಮುಚ್ಚಿಕೊಳ್ಳುತ್ತದೆ, ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ ಬೆಳಿಗ್ಗೆ ಉಜ್ಜಿದರೆ ಬಿಡುತ್ತದೆ. ಬಚ್ಚಲ ನೀರನ್ನು ಬಾಳೆಗೆ ಬಿಡುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯದೇ. ನಾಲ್ಕಡಿ ವ್ಯಾಸ, ಎರಡಡಿ ಆಳದ ಗುಂಡಿಗೆ ತರಗೆಲೆ ತುಂಬಿ ಸುತ್ತ ನಾಲ್ಕು ಬಾಳೆ. ವಾಷಿಂಗ್ ಮೆಷಿನ್ನಿನ ನೀರನ್ನು ವರ್ಷವಿಡೀ ಒಂದೇ ಕಡೆ ಬಿಟ್ಟರೆ ಸೋಪಿನ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ, ಎರೆಮಣ್ಣಿನಲ್ಲಂತೂ ಬೇಗ. ಜಾಗ ಬದಲಿಸುತ್ತಿರಬೇಕು.

ಹಾಸು ಹಾಕುವ ಮುನ್ನ ದಾರಿಗಳ ಅಡಿಯಲ್ಲಿ ಅಲ್ಲಲ್ಲಿ 3 ಇಂಚಿನ ಖಾಲಿ ಪೈಪು ಹೂತು, ಎರಡೂ ಬಾಯಿ ಮುಚ್ಚಿ, ಎಲ್ಲಿವೆ ಎಂದು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ದೀಪದ ವೈರು, ನೀರಿನ ಪೈಪು ಹಾಯಿಸಲು ಕಲ್ಲು ಒಡೆಯುವುದು ತಪ್ಪುತ್ತದೆ.

ಸಾಧ್ಯವಾದರೆ ಹಾಸನ್ನೇ ಒಂದು ಮಳೆಗಾಲ ತಡೆಯಿರಿ, ಎರೆಭೂಮಿಯಲ್ಲಿ ಮನೆ ಕಟ್ಟಿದವರಂತೂ ತಡೆಯಲೇಬೇಕು. ಪಾಯದ ಸುತ್ತ ತುಂಬಿದ ಮಣ್ಣು ಒಂದು ಮಳೆಗಾಲದಲ್ಲಿ ಎರಡು-ಮೂರು ಇಂಚು ಕೂರುತ್ತದೆ. ಅಲ್ಲಿಯವರೆಗೆ ಗರಸು ಹರಡಿ, ವಾಟ ಕೊಟ್ಟು, ದಿಮ್ಮಸು ಹೊಡೆದು ಓಡಾಡಿ. ಪ್ರತಿ ದೊಡ್ಡ ಮಳೆ ನಿಂತ ಅರ್ಧ ಗಂಟೆಗೆ ಹೊರಬಂದು, ನೀರು ಇನ್ನೂ ನಿಂತಿರುವ ಕಡೆ ಒಂದೊಂದು ಗೂಟ ಬಡಿಯಿರಿ. ಚಿತ್ತೆ ಮಳೆ ಮುಗಿದ ಮೇಲೆ ಮೇಸ್ತ್ರಿಯನ್ನು ಕರೆದು ಆ ಗೂಟಗಳನ್ನು ತೋರಿಸಿ ಕೆಲಸ ಶುರು ಮಾಡಿಸಿ.